ಈರಣ್ಣನ ಒತ್ತು ಎಲ್ಲಿ ಹೋಯ್ತು?



ಹೋದ ವರ್ಷ ಒಂದು ಕಚೇರಿಯಿಂದ ನಮ್ಮ ಶಾಲೆಗೆ ಸರ್ಟಿಫಿಕೇಟುಗಳ ಕಟ್ಟು ಬಂತು. ಕೈಯಲ್ಲಿ ಬರೆದದ್ದಲ್ಲ. ಹೆಸರುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಒಂದೇ ಅಚ್ಚಿನ ನೂರಾರು ಹಾಳೆ ತಾನೇ ತಯಾರಾಗಿ ಬರುತ್ತವಲ್ಲ, ಆ ಬಗೆಯದು. ಒಂದೊಂದಾಗಿ ಹಂಚಿದೆವು. ಒಬ್ಬ ಹುಡುಗ ತನ್ನ ಹಾಳೆ ಹಿಡಿದುಕೊಂಡು ಅಲ್ಲೇ ನಿಂತ. ಅವನನ್ನು ಈರಣ್ಣ ಅಂತ ಕರೆಯೋಣ. ನಮ್ಮದು ಉರುಕುಂದ ಈರಣ್ಣಸ್ವಾಮಿಯ ಸೀಮೆ, ಯಾವ ಶಾಲೆಗೆ ಹೋದರೂ ತರಗತಿಗೆ ಒಬ್ಬಿಬ್ಬರು ಈರಣ್ಣರು ಸಿಕ್ಕೇ ಸಿಗುತ್ತಾರೆ. ಹಾಳೆಯ ಮೇಲೆ ಇದ್ದದ್ದು "ಈರಣ". ಕೆಳಗಿನ ಒತ್ತು ಮಾಯ! ಪಕ್ಕದಲ್ಲಿದ್ದ ಲಕ್ಷ್ಮಿ "ಲಕ್ಷಿ" ಆಗಿದ್ದಳು. ಕೃಷ್ಣನಿಗೆ ವಟ್ರಸುಳಿಯೂ ಇಲ್ಲ, ಒತ್ತೂ ಇಲ್ಲ. ಅವನು ಬರೀ "ಕಷ".

ನಾವೇನು ಮಾಡಿದೆವು? ಪ್ರತಿ ವರ್ಷ ಮಾಡುವುದನ್ನೇ ಮಾಡಿದೆವು. ಜೇಬಿನಿಂದ ಕಪ್ಪು ಪೆನ್ನು ತೆಗೆದೆವು. ಸ್ಟಾಫ್ ರೂಮಿನಲ್ಲಿ ಕೂತು ಒಂದೊಂದು ಹಾಳೆಗೂ ಒತ್ತು ಹಚ್ಚಿದೆವು. ಅಚ್ಚಿನ ಅಕ್ಷರಕ್ಕೆ ಹೊಂದುವ ಹಾಗೆ ಎಷ್ಟು ಚೆನ್ನಾಗಿ ತಿದ್ದಿದೆವೆಂದು ಒಬ್ಬರಿಗೊಬ್ಬರು ತೋರಿಸಿಕೊಂಡದ್ದೂ ಉಂಟು.

ಸಂಜೆ ಈರಣ್ಣನ ಅಪ್ಪ ಬಂದರು. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಕೆಲಸ ಅವರದು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸಾರ್, ಮಿಷಿನ್ನು ಬರ್ದಿದ್ದರ ಮ್ಯಾಲೆ ಪೆನ್ನಿಲೆ ತಿದ್ದೀರಿ. ನಾಳೆ ಯಾರನ್ನಾ ಇದನ್ನ ನೀವಾ ತಿದ್ದಿಕೊಂಡೀರಿ ಅಂದ್ರ ನಾನೇನ್ ಹೇಳ್ಲಿ?"

ನಮ್ಮ ಬಾಯಿ ಕಟ್ಟಿಹೋಯಿತು. ಅಷ್ಟು ವರ್ಷ ಮಕ್ಕಳಿಗೆ ಸಹಾಯ ಮಾಡುತ್ತಿದ್ದೇವೆ ಎಂದುಕೊಂಡು ನಾವು ಮಾಡಿದ್ದು ಇದನ್ನೇ. ಅವರ ದಾಖಲೆಗಳನ್ನು "ತಿದ್ದಿದ ದಾಖಲೆ"ಗಳನ್ನಾಗಿ ಮಾಡಿ ಕೈಗೆ ಕೊಟ್ಟಿದ್ದೇವೆ!

ಹಾಗಾಗಿ ಇವತ್ತು ಒಂದೇ ಒಂದು ಮಾತು ಹೇಳಬೇಕಾಗಿದೆ. ಮೇಷ್ಟ್ರುಗಳೇ, ದಯವಿಟ್ಟು ಪೆನ್ನನ್ನು ಜೇಬಿಗೆ ಹಾಕಿಕೊಳ್ಳಿ. ಕಂಪ್ಯೂಟರು ಕೆಡಿಸಿದ ಕನ್ನಡವನ್ನು ಇನ್ನು ಮುಂದೆ ಕೈಯಲ್ಲಿ ತಿದ್ದಬೇಡಿ. ಯಾವ ತಪ್ಪು, ಯಾಕಾಯಿತು, ಎಲ್ಲಿ ಸರಿಮಾಡಬೇಕು ಅಂತ ಬರೆದು ವಾಪಸ್ಸು ಕಳಿಸಿ.

ಐದು ನಿಮಿಷದ ಕೆಲಸ

ಮರುದಿನ ಆ ಕಚೇರಿಗೆ ಫೋನು ಮಾಡಿದೆವು. ಎತ್ತಿದ್ದು ಕಂಪ್ಯೂಟರ್ ಆಪರೇಟರ್ ಹುಡುಗ. ನಾವು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆವು, ಮೊದಲು ಹೆದರಿದ. ಆಮೇಲೆ ತೆಲುಗಿನಲ್ಲಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಸಾರ್, ನನಗೆ ಕನ್ನಡ ಓದೋಕೆ ಬರಲ್ಲ. ಅದು ಸರಿ ಇದೆಯೋ ಇಲ್ವೋ ನನಗೆ ಹೆಂಗೆ ಗೊತ್ತಾಗ್ಬೇಕು?"

ಇಂಗ್ಲಿಷಿಗೆಂದು ಮಾಡಿದ ನಮೂನೆಯನ್ನೇ ಅವನು ಕನ್ನಡಕ್ಕೂ ಎತ್ತಿಕೊಂಡಿದ್ದ. ವರ್ಡ್‌ನಲ್ಲಿ ಒಂದು ಟೇಬಲ್, ಅದರ ಸಾಲಿನ ಎತ್ತರ "ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ" ಎಂದು ಬಿಗಿಯಾಗಿ ಕಟ್ಟಿಟ್ಟದ್ದು. ಇಂಗ್ಲಿಷ್ ಅಕ್ಷರಕ್ಕೆ ಒತ್ತಿಲ್ಲ, ಕೆಳಗೆ ಅಷ್ಟೊಂದು ಜಾಗ ಬೇಡ. ನಮ್ಮ ಅಕ್ಷರ ಹಾಗಲ್ಲ. ತಲೆಕಟ್ಟು, ಗುಡಿಸು ಮೇಲಕ್ಕೆ ಏಳುತ್ತವೆ, ಒತ್ತು ಕೆಳಕ್ಕೆ ಇಳಿಯುತ್ತದೆ. ಕೆಲವು ಕಡೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಸಾಲಿನ ಎತ್ತರ ಬಿಗಿಯಾದರೆ ಕೆಳಗೆ ಇಳಿದದ್ದೆಲ್ಲ ಕತ್ತರಿಸಿ ಹೋಗುತ್ತದೆ. "ಇಷ್ಟೇ" ಎಂಬುದನ್ನು "ಕನಿಷ್ಠ ಇಷ್ಟು" ಎಂದು ಬದಲಾಯಿಸಿದರೆ ಸಾಕು, ಅಕ್ಷರ ಎಷ್ಟು ಜಾಗ ಕೇಳುತ್ತದೋ ಅಷ್ಟನ್ನು ಸಾಲು ಬಿಟ್ಟುಕೊಡುತ್ತದೆ. ಫೋನಿನಲ್ಲೇ ಹೇಳಿದೆವು, ಅವನು ಅಲ್ಲೇ ಮಾಡಿದ. ಐದು ನಿಮಿಷ!

ತೆಲುಗಿನ ನಮೂನೆಯಲ್ಲಿ ಹೀಗೆ ಆಗಿರಲಿಲ್ಲವಾ ಅಂತ ಕೇಳಿದೆವು. ಆಗಿತ್ತಂತೆ. ತೆಲುಗಿಗೂ ಒತ್ತುಗಳಿವೆ ತಾನೇ! ಆದರೆ ಅದನ್ನು ಅದೇ ದಿನ ಸರಿಮಾಡಿದರಂತೆ. ಯಾಕೆಂದರೆ ಆ ಕೋಣೆಯಲ್ಲಿ ಕೂತ ಎಲ್ಲರಿಗೂ ತೆಲುಗು ಓದಲು ಬರುತ್ತದೆ.

ಇಡೀ ಸಮಸ್ಯೆ ಇಷ್ಟರಲ್ಲೇ ಇದೆ. ಕಂಪ್ಯೂಟರಿಗೂ ಹಾಳೆಗೂ ನಡುವೆ ಕನ್ನಡ ಓದಬಲ್ಲ ಒಂದು ಜೊತೆ ಕಣ್ಣೂ ಇಲ್ಲ. ಕನ್ನಡ ಓದಬಲ್ಲ ಕಣ್ಣು ನಮ್ಮದು ಮಾತ್ರ. ಆ ಕಣ್ಣು ತಪ್ಪನ್ನು ಕಂಡಕೂಡಲೇ ಪೆನ್ನು ಹಿಡಿದು ಮುಚ್ಚಿಬಿಟ್ಟರೆ ಕಚೇರಿಗೆ ತಿಳಿಯುವುದಾದರೂ ಹೇಗೆ? ಪ್ರತಿ ವರ್ಷ ನಮ್ಮ ಮುತ್ತಿನಂಥ ಅಕ್ಷರವೇ ಆ ತಪ್ಪನ್ನು ಕಾಪಾಡಿಕೊಂಡು ಬಂದಿದೆ.

"ಏನೋ ಒಂದು ಒತ್ತು" ಅನ್ನುವವರಿಗೆ

ಒಂದು ಒತ್ತಿಗೆ ಇಷ್ಟು ಗಲಾಟೆ ಯಾಕೆ ಅಂತ ನಮ್ಮವರೇ ಕೇಳುತ್ತಾರೆ. ಒತ್ತು ಬಿದ್ದುಹೋದರೆ ಕನ್ನಡದಲ್ಲಿ ಏನಾಗುತ್ತದೆ ನೋಡಿ. ಹಳ್ಳಿ ಹಳಿಯಾಗುತ್ತದೆ. ಬಳ್ಳಿ ಬಳಿಯಾಗುತ್ತದೆ. ಕತ್ತೆ ಕತೆಯಾಗುತ್ತದೆ. "ರಾಮನು ಹಳ್ಳಿಯಿಂದ ಕತ್ತೆಯನ್ನು ತಂದನು" ಎಂಬುದು "ರಾಮನು ಹಳಿಯಿಂದ ಕತೆಯನ್ನು ತಂದನು" ಆಗುತ್ತದೆ. ನಗು ಬರುತ್ತದೆ ಅಲ್ಲವೇ? ಇದೇ ವಾಕ್ಯ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ನಗುವವರು ಯಾರು? ಎರಡು ಸಲ ಓದಿ, ಮೂರು ಸಲ ಓದಿ, ತನಗೇ ಬುದ್ಧಿ ಇಲ್ಲ ಅಂತ ತಿಳಿದುಕೊಳ್ಳುವುದು ಆ ಮಗು. ತಪ್ಪಿರುವುದು ಹಾಳೆಯಲ್ಲಿ ಎಂದು ಅದಕ್ಕೆ ಹೇಗೆ ಹೊಳೆಯಬೇಕು? ಸರ್ಕಾರದ ಮುದ್ರೆಯಿರುವ ಹಾಳೆ ತಪ್ಪಿರಬಹುದು ಎಂದು ನಾವು ಯಾವ ಪಾಠದಲ್ಲೂ ಕಲಿಸಿಲ್ಲವಲ್ಲ.

ಇನ್ನೊಂದು ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಯಿತು. ಏಳು ತಾಲೂಕು ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ಮೂರೂ ಆಂಧ್ರಕ್ಕೆ ಬಂದವು. ಅಂದಿನಿಂದ ಆದೋನಿ, ಹೊಳಗುಂದ, ಕೌತಾಳ, ಹಾಲಹರ್ವಿಯ ಕಡೆಯ ಕನ್ನಡದ ಮನೆಗಳಿಗೆ ಕನ್ನಡ ಉಳಿದಿರುವುದು ಮನೆಯ ಮಾತಿನಲ್ಲಿ ಮತ್ತು ಶಾಲೆಯಲ್ಲಿ. ಬಸ್ಸಿನ ಬೋರ್ಡು ತೆಲುಗು, ರೇಷನ್ ಅಂಗಡಿ ತೆಲುಗು. ಅದರ ಬಗ್ಗೆ ನಮಗೆ ಸಿಟ್ಟಿಲ್ಲ, ತೆಲುಗು ನಮ್ಮ ನೆರೆಮನೆಯ ಮಾತು, ನಾವೂ ಆಡುತ್ತೇವೆ. ಆದರೆ ಮಗುವಿನ ಕೈಗೆ ಸರ್ಕಾರ ಕನ್ನಡದಲ್ಲಿ ಕೊಡುವ ಕಾಗದ ಕೆಲವೇ ಕೆಲವು. ಆ ಕೆಲವನ್ನೂ ಮುರಿದ ಅಕ್ಷರದಲ್ಲಿ ಕೊಟ್ಟರೆ ತಂದೆ ತಾಯಿ ಏನೆಂದುಕೊಳ್ಳುತ್ತಾರೆ? "ಕನ್ನಡ ಕಂಪ್ಯೂಟರಿನ್ಯಾಗ ಬರಂಗಿಲ್ಲ ಬಿಡ್ರಿ ಸಾರ್, ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ತೀವಿ" ಅನ್ನುತ್ತಾರೆ. ಈ ಮಾತನ್ನು ನೀವೂ ಕೇಳಿದ್ದೀರಿ. ಒತ್ತು ಬಿದ್ದ ಜಾಗದಲ್ಲೇ ಅಡ್ಮಿಷನ್ನೂ ಬೀಳುತ್ತದೆ.

ಕಂಪ್ಯೂಟರಿಗೆ ಕನ್ನಡ ಬರುತ್ತದೆ

"ಕನ್ನಡ ಅಂದ್ರೆ ಸಿಸ್ಟಮ್ಮು ಹಂಗೇ ಮಾಡುತ್ತೆ" ಎಂಬುದು ಕಚೇರಿಗಳಲ್ಲಿ ಸಿಗುವ ಸಿದ್ಧ ಉತ್ತರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಜಗತ್ತಿನ ಅಕ್ಷರಗಳಿಗೆಲ್ಲ ಅಂಕಿ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಆ ಪಟ್ಟಿಯಲ್ಲಿ ತೆಲುಗಿಗೆ 3072ರಿಂದ 3199ರವರೆಗೆ 128 ಮನೆ. ಅದರ ಗೋಡೆಗೇ ಗೋಡೆ ಹಚ್ಚಿಕೊಂಡು 3200ರಿಂದ 3327ರವರೆಗೆ ಕನ್ನಡಕ್ಕೆ 128 ಮನೆ. ಆದೋನಿಯ ಓಣಿಯಲ್ಲಿ ಇದ್ದ ಹಾಗೆಯೇ ಅಲ್ಲೂ ಅಕ್ಕಪಕ್ಕ! 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ತೆಲುಗಿಗೆ ಗೌತಮಿ, ಕನ್ನಡಕ್ಕೆ ತುಂಗಾ ಎಂಬ ಫಾಂಟುಗಳಿದ್ದವು. ಈಗ ನಿರ್ಮಲಾ ಇದೆ, ನೋಟೋ ಇದೆ, ಗುಬ್ಬಿ, ನವಿಲು ಇವೆ. ದುಡ್ಡು ಕೊಡದೆ ಸಿಗುವಂಥವೂ ಇವೆ. ತೆಲುಗಿನ ಒತ್ತನ್ನು ಸರಿಯಾಗಿ ಕೂರಿಸುವ ಯಂತ್ರಕ್ಕೆ ಕನ್ನಡದ ಒತ್ತನ್ನು ಕೂರಿಸುವುದು ಹೊಸ ವಿದ್ಯೆಯೇನಲ್ಲ. ಕೆಟ್ಟಿರುವುದು ನಮೂನೆಯಲ್ಲಿರುವ ನಾಲ್ಕಾರು ಸಣ್ಣ ಆಯ್ಕೆಗಳು. ಯಾವುದು ಕೆಟ್ಟಿದೆ ಎಂದು ಹಾಳೆಯೇ ಹೇಳುತ್ತದೆ. ವೈದ್ಯರು ನಾಲಿಗೆ ನೋಡಿ ರೋಗ ಹೇಳುವ ಹಾಗೆ ನಾವೂ ಹೇಳಬಹುದು.

ಅಕ್ಷರದ ಬದಲು ಖಾಲಿ ಡಬ್ಬಿಗಳು ಬಂದಿವೆಯೇ? ಹೆಸರು ಒಳಗೆ ಸರಿಯಾಗೇ ಇದೆ, ಫಾಂಟಿನಲ್ಲಿ ಕನ್ನಡವಿಲ್ಲ. ನಮೂನೆಯ ಸ್ಟೈಲಿನಲ್ಲಿ ತೆಲುಗಿನ ಅಥವಾ ಇಂಗ್ಲಿಷಿನ ಫಾಂಟಿನ ಹೆಸರು ಬರೆದಿರುತ್ತಾರೆ. ಅದನ್ನು ಬದಲಾಯಿಸಬೇಕು. ಅವರ ಕಂಪ್ಯೂಟರಿನಲ್ಲಿ ಸರಿಯಾಗಿದ್ದು ಪ್ರಿಂಟು ಹಾಕುವ ಅಂಗಡಿಯಲ್ಲಿ ಕೆಟ್ಟಿದ್ದರೆ, ಪಿಡಿಎಫ್‌ನ ಒಳಗೆ ಫಾಂಟನ್ನು ಸೇರಿಸಿಲ್ಲ ಎಂದರ್ಥ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿದೆಯೇ? ಇದು ಡಬ್ಬಿಗಿಂತ ಕೆಟ್ಟದ್ದು. ಹೆಸರು ಒಳಗೂ ಅಳಿಸಿಹೋಗಿದೆ. ಎಕ್ಸೆಲ್ ಪಟ್ಟಿಯನ್ನು ಹಳೆಯ ಬಗೆಯ ಸಿಎಸ್‌ವಿಯಾಗಿ ಉಳಿಸಿದರೆ ಹೀಗಾಗುತ್ತದೆ. ಯಾವ ಫಾಂಟು ಹಾಕಿದರೂ ಹೋದ ಹೆಸರು ಬರದು. ಮೂಲ ಪಟ್ಟಿಯನ್ನು ಯುಟಿಎಫ್-8 ಎಂಬ ಬಗೆಯಲ್ಲಿ ಮತ್ತೆ ಉಳಿಸಿ ಕಳಿಸಬೇಕು.

ಲಕ್ಷ್ಮಿ ಎಂಬುದು "ಲಕ್‌ಷ್‌ಮಿ" ಎಂದು, ವರ್ಗ ಎಂಬುದು "ವರ್‌ಗ" ಎಂದು ಬಿಡಿಬಿಡಿಯಾಗಿದೆಯೇ? ಅಲ್ಲಲ್ಲಿ ಚುಕ್ಕಿಗಳ ಉಂಗುರ ಕಾಣುತ್ತಿದೆಯೇ? ಕನ್ನಡದಲ್ಲಿ ಅಕ್ಷರಗಳನ್ನು ಬಂದ ಸಾಲಿನಲ್ಲೇ ಜೋಡಿಸಿದರೆ ಆಗದು. ವ್ಯಂಜನವನ್ನು ಒತ್ತಾಗಿ ಇಳಿಸಬೇಕು, ಅರ್ಕಾವತ್ತನ್ನು ಹಿಂದಕ್ಕೆ ಕಳಿಸಬೇಕು. ಈ ಜೋಡಣೆಗೆ ಬೇರೆಯೇ ತಂತ್ರಾಂಶವಿದೆ. ಹಾರ್ಫ್‌ಬಜ್ ಎಂಬುದು ಅಂಥದ್ದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದಿದೆ, ಅದೂ ಪುಕ್ಕಟೆ. ನಿಮ್ಮ ಫೋನಿನಲ್ಲಿ ಸರಿಯಾಗಿ ಕಾಣುವ ಹೆಸರು ಕಚೇರಿಯ ಪಿಡಿಎಫ್‌ನಲ್ಲಿ ಒಡೆದಿದ್ದರೆ, ಆ ಪಿಡಿಎಫ್ ಮಾಡುವ ಪ್ರೋಗ್ರಾಮಿನವರು ಈ ಜೋಡಣೆಯ ಹಂತವನ್ನೇ ಬಿಟ್ಟಿದ್ದಾರೆ. ಇಲ್ಲಿ ಆಪರೇಟರ್ ಹುಡುಗನನ್ನು ಬೈದು ಲಾಭವಿಲ್ಲ, ಪ್ರೋಗ್ರಾಮು ಬರೆದವರಿಗೇ ಮುಟ್ಟಿಸಬೇಕು.

ಹಾಳೆಯಲ್ಲಿ ಇಂಗ್ಲಿಷ್ ಹೆಸರು ದಪ್ಪಗೆ, ದೊಡ್ಡದಾಗಿ ಬಂದು, ಅದರ ಕೆಳಗಿನ ಕನ್ನಡದ ಹೆಸರು ತೆಳ್ಳಗೆ, ಚಿಕ್ಕದಾಗಿ ಬಂದಿದೆಯೇ? ಇದನ್ನು ನೋಡಿ ಎಷ್ಟೋ ಜನ "ಬೇಕಂತಲೇ ಕನ್ನಡವನ್ನ ಸಣ್ಣದು ಮಾಡಿದಾರೆ" ಅಂತ ಸಿಟ್ಟಾಗುತ್ತಾರೆ. ನಾವೂ ಆಗಿದ್ದೆವು. ಕಾರಣ ಬೇರೆ. ವರ್ಡ್ ಕಡತದ ಒಳಗೆ ಪ್ರತಿ ಸ್ಟೈಲಿಗೂ ಎರಡೆರಡು ಖಾನೆಗಳಿವೆ. ಇಂಗ್ಲಿಷಿನಂಥ ಲಿಪಿಗೆ ಒಂದು ಫಾಂಟು, ಒಂದು ಗಾತ್ರ, ಒಂದು ದಪ್ಪ. ಕನ್ನಡ, ತೆಲುಗು, ಅರಬ್ಬಿಯಂಥ "ಸಂಕೀರ್ಣ ಲಿಪಿ"ಗಳಿಗೆ ಇನ್ನೊಂದು ಫಾಂಟು, ಇನ್ನೊಂದು ಗಾತ್ರ, ಇನ್ನೊಂದು ದಪ್ಪ. ಕೈಯಲ್ಲಿ ಗುಂಡಿ ಒತ್ತಿ ಬೋಲ್ಡ್ ಮಾಡಿದರೆ ವರ್ಡ್ ತಾನೇ ನೋಡಿಕೊಳ್ಳುತ್ತದೆ. ಆದರೆ ಪ್ರೋಗ್ರಾಮು ಬರೆದು ಕಡತ ಹುಟ್ಟಿಸುವವರು ಮೊದಲನೆಯ ಖಾನೆ ತುಂಬಿ ಎರಡನೆಯದನ್ನು ಖಾಲಿ ಬಿಡುತ್ತಾರೆ. ಪರದೆಯ ಮೇಲೆ ಇಂಗ್ಲಿಷ್ ಸರಿಯಾಗಿ ಕಂಡಿತು, ಕೆಲಸ ಮುಗಿಯಿತು! ಲಿಬ್ರೆಆಫೀಸ್‌ನಲ್ಲೂ ಇದೇ ಕತೆ. ಅಲ್ಲಿ ಸಂಕೀರ್ಣ ಲಿಪಿಯ ಖಾನೆಗೆ ಸಿಟಿಎಲ್ ಎಂದು ಹೆಸರು, ಭಾಷೆಯ ಆಯ್ಕೆಗಳಲ್ಲಿ ಅದನ್ನು ಚಾಲೂ ಮಾಡಿದರೇನೇ ಕಾಣುವುದು. "ಎರಡನೆಯ ಖಾನೆಯನ್ನೂ ತುಂಬಿ" ಎಂದು ಒಂದು ಸಾಲು ಬರೆದರೆ ಸಾಕು.

ದಪ್ಪ ಮಾಡಲು ಹೋಗಿ ಅಕ್ಷರದ ಹೊಟ್ಟೆ, ಒತ್ತಿನ ಸುಳಿ ಎಲ್ಲ ಮಸಿ ತುಂಬಿ ಮುದ್ದೆಯಾಗಿದೆಯೇ? ಆ ಫಾಂಟಿಗೆ ತನ್ನದೇ ದಪ್ಪಕ್ಷರ ಇಲ್ಲ. ತಂತ್ರಾಂಶ ತೆಳು ಅಕ್ಷರಕ್ಕೇ ಮಸಿ ಬಳಿದು ದಪ್ಪ ಮಾಡಿದೆ. ನಿಜವಾದ ದಪ್ಪಕ್ಷರವಿರುವ ಫಾಂಟು ಹಾಕಿ ಅನ್ನಬೇಕು.

ಇನ್ನು ಕಣ್ಣಿಗೆ ಕಾಣದ ಅಕ್ಷರಗಳ ಮಾತು. "ರ‍್ಯಾಂಕ್" ಎಂದು ಟೈಪು ಮಾಡಿದ್ದು "ರ್ಯಾಂಕ್" ಆಗುವುದು, "ರಾಜ್‌ಕುಮಾರ್" ಎಂಬುದು "ರಾಜ್ಕುಮಾರ್" ಆಗುವುದು ನೋಡಿದ್ದೀರಲ್ಲ? ಅಕ್ಷರ ಕೂಡಬೇಕೋ ಬಿಡಿಯಾಗಿರಬೇಕೋ ಎಂದು ಹೇಳಲು ಯೂನಿಕೋಡಿನಲ್ಲಿ ಅಗಲವೇ ಇಲ್ಲದ ಎರಡು ಗುರುತುಗಳಿವೆ. ಇಂಗ್ಲಿಷಿಗೆ ಅವು ಬೇಡ. ಹಾಗಾಗಿ "ಪಟ್ಟಿಯನ್ನು ಸ್ವಚ್ಛ ಮಾಡುತ್ತೇವೆ" ಎಂದು ಪ್ರೋಗ್ರಾಮಿನವರು ಅವನ್ನು ಕಸವೆಂದು ಗುಡಿಸಿ ಹಾಕುತ್ತಾರೆ. ಅವರ ಕಸ ನಮ್ಮ ಕಾಗುಣಿತ!

ನಮ್ಮ ಎಲೆಯ ಹೆಗ್ಗಣ

ಇಷ್ಟೆಲ್ಲ ಬೈದಮೇಲೆ ನಮ್ಮ ಎಲೆಯನ್ನೂ ನೋಡಿಕೊಳ್ಳೋಣ. ನಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ಎಣಿಸುತ್ತ ಕೂರಬಾರದು.

ನಮ್ಮಲ್ಲಿ ಎಷ್ಟು ಜನ ಇವತ್ತಿಗೂ ಹಳೆಯ ನುಡಿ ಫಾಂಟಿನಲ್ಲಿ ಹೆಸರಿನ ಪಟ್ಟಿ ಮಾಡಿ ಕಳಿಸುತ್ತೇವೆ? ಕೈ ಎತ್ತಿ ನೋಡೋಣ! ಬರಹ, ನುಡಿ ಇವೆರಡರ ಋಣ ನಮ್ಮ ಮೇಲೆ ದೊಡ್ಡದು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಾರದಿದ್ದರೆ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಾರದಿದ್ದರೆ ನಮ್ಮಂಥವರು ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದು ಇನ್ನೂ ತಡವಾಗುತ್ತಿತ್ತು. ಆದರೆ ಆ ಕಾಲದ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅದು ಇಂಗ್ಲಿಷೇ. ಆ ಫಾಂಟನ್ನು ತೆಗೆದು ನೋಡಿ: ಹಳೆಯ ನುಡಿಯಲ್ಲಿ ಬರೆದ "ಕನ್ನಡ" ಎಂಬ ಪದದಲ್ಲಿ ಪಿ, ಕ್ಯೂ, ನಡುವೆ ಬ್ರಿಟನ್ನಿನ ಪೌಂಡಿನ ಗುರುತು!

ಮೇಲ್ ಮರ್ಜ್ ಮಾಡುವಾಗ ಆಗುವುದೂ ಇದೇ. ಎಕ್ಸೆಲ್‌ನಿಂದ ವರ್ಡ್‌ಗೆ ಹೋಗುವುದು ಅಕ್ಷರ ಮಾತ್ರ, ಫಾಂಟು ಹೋಗುವುದಿಲ್ಲ. ಹೆಸರು ಅಲ್ಲಿಗೆ ಹೋಗಿ ನಮೂನೆಯ ಫಾಂಟನ್ನು ತೊಟ್ಟುಕೊಳ್ಳುತ್ತದೆ. ನಮ್ಮ ಎಕ್ಸೆಲ್‌ನಲ್ಲಿ ಅಂದವಾಗಿ ಕಂಡ ಈರಣ್ಣ ಅಲ್ಲಿ ಪೌಂಡು, ಪಿ, ಕ್ಯೂಗಳ ಕಲಸುಮೇಲೋಗರವಾಗುತ್ತಾನೆ. ಆಗ ಕಚೇರಿಯವರು "ನಿಮ್ಮ ಕನ್ನಡ ಬರಲ್ಲ" ಅಂದರೆ ತಪ್ಪು ಯಾರದು? ಈಗಿನ ಬರಹ, ನುಡಿ ಎರಡರಲ್ಲೂ ಯೂನಿಕೋಡ್ ಇದೆ, ಹಳೆಯದನ್ನು ಹೊಸದಕ್ಕೆ ಬದಲಾಯಿಸುವ ದಾರಿಯೂ ಇದೆ. ಫೋನಿನಲ್ಲಿ ವಾಟ್ಸಾಪ್ ಬರೆಯುವುದು ಯೂನಿಕೋಡಿನಲ್ಲೇ ತಾನೇ? ಮೊಮ್ಮಗಳಿಗೆ ಹುಟ್ಟುಹಬ್ಬದ ಸಂದೇಶ ಕಳಿಸಲು ಬರುವ ಯೂನಿಕೋಡ್ ಮಕ್ಕಳ ಪಟ್ಟಿ ಮಾಡುವಾಗ ಯಾಕೆ ಬರುವುದಿಲ್ಲ?

ಈರನ್ನನೂ ಬೇಡ

ನಮ್ಮ ಪಟ್ಟಿ ಸರಿಯಿಲ್ಲದಿದ್ದರೆ ಇನ್ನೂ ಒಂದು ಅಪಾಯವಿದೆ. ಕಚೇರಿಯವರು ತಮ್ಮಲ್ಲಿರುವ ತೆಲುಗು ಪಟ್ಟಿಯನ್ನೇ ಕನ್ನಡ ಲಿಪಿಗೆ ತಿರುಗಿಸಿಬಿಡುತ್ತಾರೆ. ಅದು ಬಹಳ ಸುಲಭ. ತೆಲುಗಿನ ಅ 3077, ಕನ್ನಡದ ಅ 3205. ಪ್ರತಿ ಅಕ್ಷರಕ್ಕೂ 128 ಕೂಡಿಸಿದರೆ ತೆಲುಗು ಕನ್ನಡವಾಯಿತು! ಆದರೆ ಆಗುವುದು ಲಿಪಿ ಮಾತ್ರ. ತೆಲುಗಿನಲ್ಲಿ ಈರಣ್ಣನನ್ನು ಬರೆಯುವುದು ನ ಅಕ್ಷರಕ್ಕೆ ನ ಒತ್ತು ಕೊಟ್ಟು. 128 ಕೂಡಿಸಿದರೆ ನಮ್ಮ ಹುಡುಗ "ಈರನ್ನ" ಆಗುತ್ತಾನೆ. ರಾಮಣ್ಣ "ರಾಮನ್ನ", ಮಲ್ಲಣ್ಣ "ಮಲ್ಲನ್ನ". ಊರುಗಳೂ ಅಷ್ಟೇ, ಮಂತ್ರಾಲಯ "ಮಂತ್ರಾಲಯಂ", ಕೌತಾಳ "ಕೌತಾಳಂ". ಹಾಳೆಯ ಮೇಲಿನ "ಹೆಸರು" ಎಂಬ ಮಾತೇ ಕನ್ನಡ ಲಿಪಿಯಲ್ಲಿ "ಪೇರು" ಎಂದೂ, ತಂದೆಯ ಹೆಸರು "ತಂಡ್ರಿ ಪೇರು" ಎಂದೂ ಬಂದದ್ದನ್ನು ನಾವು ಕಂಡಿದ್ದೇವೆ.

ಮೊದಲಿನದು ಒತ್ತು ಕಳೆದುಕೊಂಡ ಹೆಸರು, ಇದು ಒತ್ತು ಬದಲಾದ ಹೆಸರು. ಶಾಲೆಯ ರಿಜಿಸ್ಟರಿನಲ್ಲಿ ಈರಣ್ಣ, ಸರ್ಟಿಫಿಕೇಟಿನಲ್ಲಿ ಈರನ್ನ. ನಾಳೆ ಅವನು ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕಾಲೇಜಿಗೆ ಹೋದರೆ, ಕನ್ನಡ ಬಲ್ಲ ಗುಮಾಸ್ತರೇ ಎರಡನ್ನೂ ಪಕ್ಕಪಕ್ಕ ಇಟ್ಟು "ಇವರಿಬ್ಬರೂ ಒಬ್ಬರೇನಾ?" ಅಂತ ಕೇಳಿದರೆ ತಪ್ಪೇನು?

"ಇರೋದೇ ನಾಲ್ಕು ಮಕ್ಕಳು" ಅನ್ನುವವರಿಗೆ

ಕೊನೆಗೆ ಬರುವ ವಾದ ಇದು. ನಿಮ್ಮ ಕನ್ನಡ ಮೀಡಿಯಮ್ಮಿನ ಮಕ್ಕಳು ಎಷ್ಟು ಜನ, ಅವರಿಗೋಸ್ಕರ ಇಷ್ಟು ಕೆಲಸ ಯಾರು ಮಾಡುತ್ತಾರೆ, ಇಂಗ್ಲಿಷಿನಲ್ಲೇ ಕೊಟ್ಟುಬಿಡೋಣ.

ಮೊದಲನೆಯದಾಗಿ, ಅಚ್ಚು ಮಾಡುವ ಯಂತ್ರಕ್ಕೆ ತಲೆ ಎಣಿಸುವ ಅಗತ್ಯವಿಲ್ಲ. ನಮೂನೆ ಒಂದೇ. ಅದನ್ನು ಒಮ್ಮೆ ಸರಿಮಾಡಿದರೆ ಹತ್ತು ಮಕ್ಕಳಿಗೂ ಅಷ್ಟೇ ಕೆಲಸ, ಹತ್ತು ಸಾವಿರ ಮಕ್ಕಳಿಗೂ ಅಷ್ಟೇ ಕೆಲಸ. ಪ್ರತಿ ಹಾಳೆಗೂ ಕೆಲಸ ಬೀಳುವುದು ನಾವು ಪೆನ್ನು ಹಿಡಿದು ಕೂತಾಗ ಮಾತ್ರ.

ಎರಡನೆಯದಾಗಿ, ಇದು ಯಾರೋ ಕೊಡುವ ದಾನವಲ್ಲ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸಬೇಕು ಎಂದು 1949ರಲ್ಲೇ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಕೂತು ಒಪ್ಪಿದ್ದಾರೆ. 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಬಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಒದಗಿಸುವುದು ರಾಜ್ಯಗಳ ಹೊಣೆಯಾಯಿತು. ಆಮೇಲಿನ 350ಬಿ ವಿಧಿ ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿಯನ್ನೇ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರು ಶೇಕಡ 15ಕ್ಕೆ ಕಡಿಮೆಯಿಲ್ಲದ ಕಡೆ ಮುಖ್ಯವಾದ ನಿಯಮ, ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಕೊಡಬೇಕೆಂಬ ರಕ್ಷಣೆಯೂ ಇದೆ. ಕನ್ನಡದಲ್ಲಿ ಕೊಡಬೇಕು ಅಂದರೆ ಓದಲು ಬರುವ ಕನ್ನಡದಲ್ಲಿ ಕೊಡಬೇಕು ಅಂತಲೇ ಅರ್ಥ. ಒತ್ತು ಕತ್ತರಿಸಿದ ಕಾಗದವನ್ನು ಕೊಟ್ಟು "ಕನ್ನಡದಲ್ಲಿ ಕೊಟ್ಟಿದ್ದೇವೆ" ಎಂದು ಲೆಕ್ಕ ಬರೆದರೆ ಅದು ಕೊಟ್ಟ ಹಾಗಾಯಿತೇ?

ಏಳು ಪದಗಳ ಪರೀಕ್ಷೆ

ಸರಿ, ಏನು ಮಾಡೋಣ? ನಮ್ಮ ಶಾಲೆಯಲ್ಲಿ ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನೀವೂ ಮಾಡಿ ನೋಡಿ.

ಹೆಸರಿನ ಪಟ್ಟಿ ಕಳಿಸುವಾಗ ಅದರ ತಲೆಯಲ್ಲಿ ಏಳು ಪದ ಸೇರಿಸುತ್ತೇವೆ: ಈರಣ್ಣ, ಲಕ್ಷ್ಮಿ, ಕೃಷ್ಣ, ಸ್ವಾತಂತ್ರ್ಯ, ವರ್ಗ, ರ‍್ಯಾಂಕ್, ರಾಜ್‌ಕುಮಾರ್. ಒತ್ತು, ಒತ್ತಿನ ಕೆಳಗೆ ಒತ್ತು, ವಟ್ರಸುಳಿ, ಅರ್ಕಾವತ್ತು, ಕಾಣದ ಗುರುತುಗಳು, ಎಲ್ಲವೂ ಈ ಏಳರಲ್ಲಿ ಬಂದುಹೋದವು. "ಪೂರ್ತಿ ಪ್ರಿಂಟು ಹಾಕುವ ಮೊದಲು ಈ ಏಳು ಪದಗಳ ಒಂದು ಹಾಳೆ ಮಾಡಿ ಫೋಟೋ ಕಳಿಸಿ" ಎಂದು ಕೇಳುತ್ತೇವೆ. ಜೊತೆಗೆ ಅದೇ ಏಳು ಪದಗಳನ್ನು ಸರಿಯಾಗಿ ಅಚ್ಚುಹಾಕಿದ ಮಾದರಿಯೊಂದನ್ನು ಕೊಟ್ಟಿರುತ್ತೇವೆ. ಕನ್ನಡ ಓದಲು ಬಾರದವರೂ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು ತಾನೇ? ಆ ಆಪರೇಟರ್ ಹುಡುಗನ ಪ್ರಶ್ನೆಗೆ ಇದೇ ನಮ್ಮ ಉತ್ತರ.

ಇಷ್ಟಾದರೂ ಕೆಟ್ಟ ಹಾಳೆ ಬಂದರೆ ಹಂಚುವುದಿಲ್ಲ, ತಿದ್ದುವುದಿಲ್ಲ. ತಪ್ಪಿಗೆ ಕೆಂಪು ಸುತ್ತು ಹಾಕಿದ ಒಂದು ನಕಲು, ಕಾರಣ ಹೇಳುವ ಎರಡು ಸಾಲು, ಸ್ವೀಕೃತಿಯ ಸಹಿ. ಪತ್ರ ತೆಲುಗಿನಲ್ಲೇ ಬರೆಯುತ್ತೇವೆ, ಓದುವವರಿಗೆ ಅರ್ಥವಾಗಬೇಕಲ್ಲ! ಕಾರಣ ಬರೆಯುವುದನ್ನು ಮಾತ್ರ ಮರೆಯಬೇಡಿ. "ಕನ್ನಡ ತಪ್ಪಾಗಿದೆ" ಎಂದರೆ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತದೆ. "ಸಾಲಿನ ಎತ್ತರ ಬಿಗಿಯಾಗಿದೆ, ಸಡಿಲಿಸಿ" ಎಂದರೆ ಕೆಲಸವಾಗುತ್ತದೆ.

ಅವಸರದ ದಾಖಲೆಯಾದರೆ? ಮಗುವಿನ ಅಡ್ಮಿಷನ್ ತಪ್ಪಿಸಿ ಹೋರಾಟ ಮಾಡಿ ಎಂದು ನಾವು ಹೇಳುವುದಿಲ್ಲ. ಆಗ ಹಾಳೆಯನ್ನು ತಿದ್ದದೆ ಹಾಗೇ ಕೊಡಿ. ಜೊತೆಗೆ ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರು ಇದು ಎಂದು ಮುಖ್ಯೋಪಾಧ್ಯಾಯರ ಸಹಿ, ಮುದ್ರೆ ಇರುವ ಬೇರೊಂದು ಪತ್ರ ಕೊಡಿ. ಹೊಸ ಪ್ರತಿಗೆ ಬೆನ್ನು ಹತ್ತುವುದನ್ನು ಬಿಡಬೇಡಿ.

ನಮ್ಮ ಆ ಕಟ್ಟಿನ ಕತೆ ಏನಾಯಿತು? ವಾಪಸ್ಸು ಕಳಿಸಿದೆವು, ಮೂರು ವಾರಕ್ಕೆ ಹೊಸದು ಬಂತು. ಈರಣ್ಣನಿಗೆ ಒತ್ತು ಬಂದಿದೆ. ಲಕ್ಷ್ಮಿ ಪೂರ್ತಿ ಲಕ್ಷ್ಮಿಯಾಗಿದ್ದಾಳೆ. ಕನ್ನಡದ ಹೆಸರು ಮಾತ್ರ ಇಂಗ್ಲಿಷಿಗಿಂತ ತೆಳ್ಳಗೇ ಇದೆ, ಎರಡನೆಯ ಖಾನೆ ಇನ್ನೂ ಖಾಲಿ. ಅದಕ್ಕೂ ಒಂದು ಪತ್ರ ಹೋಗಿದೆ.

ಈರಣ್ಣನ ಅಪ್ಪ ಬಂದು ಹೊಸ ಹಾಳೆ ತೆಗೆದುಕೊಂಡರು. ಈ ಸಲವೂ ಬೆಳಕಿಗೆ ಹಿಡಿದು ನೋಡಿದರು. "ಈಗ ಮಿಷಿನ್ನಾ ಬರದೈತ್ರಿ" ಅಂದು ಮಡಚದೆ, ಸುತ್ತಿ, ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋದರು.

ನಿಮ್ಮ ಶಾಲೆಯಲ್ಲಿ ಈ ವರ್ಷದ ಕಟ್ಟು ಬಂದಿದೆಯೇ? ಪೆನ್ನು ತೆಗೆಯುವ ಮೊದಲು ಒಮ್ಮೆ ಯೋಚಿಸಿ.